ನಮ್ಮ ಯಜಮಾನರು ಕುಡಿದಿರಲಿಲ್ಲ

ಸಿಟ್ಟು ಇಳಿದ ಮೇಲೆ ಹೇಳೋಣ ಅಂತ ಎರಡು ವರ್ಷ ಕಾದೆ. ಇಳಿಯಲಿಲ್ಲ. ಅದಕ್ಕೇ ಸಿಟ್ಟಿನಲ್ಲೇ ಹೇಳುತ್ತೇನೆ, ಕೇಳಿಸಿಕೊಳ್ಳಿ.

ನಮ್ಮ ಯಜಮಾನರು ಅಂಗಡಿಗಳಿಗೆ ಬೋರ್ಡ್ ಬರೆಯುವವರು. ಪೇಟೆಯಲ್ಲಿ ಎಲ್ಲರಿಗೂ ಅವರು ಬೋರ್ಡಣ್ಣ. ಬೇರೆ ಪೇಂಟರುಗಳು ಬರೆಯುವ ಮೊದಲು ಚಾಕ್ ಪುಡಿ ಸವರಿದ ದಾರವನ್ನು ಬೋರ್ಡಿನ ಮೇಲೆ ಬಿಗಿಯಾಗಿ ಹಿಡಿದು, ಮೀಟಿ, ಗೆರೆ ಮೂಡಿಸಿಕೊಳ್ಳುತ್ತಾರೆ. ಇವರಿಗೆ ಅದು ಅವಮಾನ. "ಗೆರೆ ಬೇಕಾಗೋದು ಕಲಿಯೋರಿಗೆ" ಅನ್ನುತ್ತಿದ್ದರು. ಮೂವತ್ತು ವರ್ಷ ಬರೀ ಕಣ್ಣಳತೆಯಲ್ಲೇ ಬರೆದರು.

ಒಂದು ದಿನ ಔಷಧಿ ಅಂಗಡಿಯ ಬೋರ್ಡ್ ಬರೆದರು. ಮೊದಲ ಅಕ್ಷರ ಗೇಣುದ್ದ, ಕೊನೆಯದು ಬೆರಳುದ್ದ. "ಬಣ್ಣ ಉಳಿಸಿದ್ರಾ ಬೋರ್ಡಣ್ಣ?" ಅಂತ ಅಂಗಡಿಯವನು ನಕ್ಕ. ಇವರು ನಗಲಿಲ್ಲ. ಆಗಲೇ ಇವರ ಮುಖದಲ್ಲಿ ನಗು ಮೂಡುವುದು ನಿಂತುಹೋಗಿತ್ತು, ನಾನು ಗಮನಿಸಿರಲಿಲ್ಲ. ಆಮೇಲೆ ಕಾಲೆಳೆದು ನಡೆಯತೊಡಗಿದರು. ಮಾತು ಮೆಲ್ಲಗಾಗಿ ತೊದಲತೊಡಗಿತು. ಬಾಗಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಿದ್ದರು.

ನನ್ನ ಮೈದುನನೂ ಇವರ ಬೋರ್ಡ್ ಬರೆಯುವ ಅಂಗಡಿಯಲ್ಲೇ ಕೆಲಸ ಮಾಡುವವನು. ಒಂದು ಸಂಜೆ ಬಂದು ಗುಟ್ಟು ಹೇಳುವ ಹಾಗೆ ಹೇಳಿದ.

"ಅತ್ತಿಗೆ, ಅಣ್ಣ ಬೆಳಿಗ್ಗೆನೇ ಹಾಕ್ಕೊಂಡು ಬರ್ತಾನೆ. ಪೇಟೆಯೆಲ್ಲಾ ಆಡ್ಕೋತಿದೆ."

ಮರುದಿನ ಟೀ ಲೋಟ ಕೊಡುವ ನೆಪದಲ್ಲಿ ಬಗ್ಗಿ ಅವರ ಬಾಯಿ ಮೂಸಿದೆ. ಟೂತ್‌ಪೇಸ್ಟಿನ ವಾಸನೆ ಬಂತು. ನಾನು ಮಾಡಿದ್ದು ಅವರಿಗೆ ಗೊತ್ತಾಯಿತು. ಟೀ ಕುಡಿಯದೆ ಲೋಟ ಕೆಳಗಿಟ್ಟರು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ನನ್ನ ಸಿಟ್ಟಿನಲ್ಲಿ ದೊಡ್ಡ ಪಾಲು ನನ್ನ ಮೇಲೇ ಇದೆ.

ಆಸ್ಪತ್ರೆಗೆ ಹೋಗಿದ್ದು ನನ್ನ ಮಂಡಿ ನೋವಿಗೆ. ಜೊತೆಗೆ ಬಂದ ಇವರು ನಡೆಯುವುದನ್ನು ನೋಡಿ ನರ್ಸಕ್ಕ ಒಂದು ಹಾಳೆ ಕೊಟ್ಟು ಹೆಸರು ಬರೆಯಿರಿ ಅಂದರು. ಬರೆಯುತ್ತಾ ಬರೆಯುತ್ತಾ ಅಕ್ಷರ ಇರುವೆಯಷ್ಟಾಯಿತು. ನರ್ಸಕ್ಕ ನೇರ ಡಾಕ್ಟರ ಬಳಿ ಕರೆದೊಯ್ದರು. ಕಾಯಿಲೆಯ ಹೆಸರು ಪಾರ್ಕಿನ್ಸನ್.

"ಆದ್ರೆ ಇವರ ಕೈ ನಡುಗಲ್ವಲ್ಲ," ಅಂದೆ.

"ಎಲ್ಲರಿಗೂ ನಡುಗಬೇಕು ಅಂತಿಲ್ಲಮ್ಮ," ಅಂದರು ನರ್ಸಕ್ಕ. "ಮಿದುಳಿಂದ ಕೈಕಾಲಿಗೆ ಹೋಗೋ ಮಾತು ತಡವಾಗುತ್ತೆ ಅಷ್ಟೇ. ಇದು ಅಂಟಲ್ಲ, ಹುಚ್ಚೂ ಅಲ್ಲ. ಪೂರ್ತಿ ಹೋಗಲ್ಲ, ಆದ್ರೆ ಮಾತ್ರೆ, ವ್ಯಾಯಾಮ ಎರಡೂ ಇದ್ರೆ ಕೆಲಸ ಮಾಡ್ಕೊಂಡು ಇರಬಹುದು."

ಮೈದುನನಿಗೆ ಹೇಳಿದೆ. ಕಾಯಿಲೆ ಅಂತ ಒಪ್ಪಿದ. ಒಪ್ಪಿದ ಕೂಡಲೇ, "ಹಾಗಾದ್ರೆ ಮನೇಲೇ ಇರಲಿ ಬಿಡಿ. ಗಿರಾಕಿಗಳ ಮುಂದೆ ಮಾನ ಹೋಗುತ್ತೆ," ಅಂದ. ಕುಡುಕ ಅಂದಾಗಲೂ ಮಾನ, ಕಾಯಿಲೆ ಅಂದಾಗಲೂ ಮಾನ. ಅಣ್ಣನ ಕುಂಚಗಳನ್ನು ಡಬ್ಬದಲ್ಲಿ ಹಾಕಿ ಮನೆಗೆ ಕಳಿಸಿದ. ಇವರು ಆ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತರು. ಎರಡು ತಿಂಗಳು ಬೀದಿಗೆ ಕಾಲಿಡಲಿಲ್ಲ.

ನರ್ಸಕ್ಕ ಮನೆಗೇ ಬಂದರು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಈ ಕಾಯಿಲೆಯವರು ಸೇರುತ್ತಾರೆ, ಬನ್ನಿ ಅಂದರು.

"ಹತ್ತು ಜನ ಒಟ್ಟಿಗೆ ಕೂತು ಅಳೋದಕ್ಕಾ? ಅದಕ್ಕೆ ಮನೆಯೇ ಸಾಕು," ಅಂದೆ. "ಸೇರಿದ್ರೆ ವಾಸಿಯಾಗುತ್ತಾ?"

"ಆಗಲ್ಲ. ವಾಸಿ ಮಾಡ್ತೀವಿ ಅನ್ನೋರು ಸಿಕ್ಕಿದ್ರೆ ಅಲ್ಲಿಂದ ಎದ್ದು ಬನ್ನಿ. ಇಲ್ಲಿ ಬದುಕೋದು ಹೇಗೆ ಅಂತ ಹೇಳ್ಕೊಡ್ತಾರೆ."

ಹೋದೆವು. ಆ ಕೋಣೆಯ ಬಾಗಿಲಲ್ಲೇ ಇವರ ಕಾಲು ನಿಂತಿತು. ಅಭ್ಯಾಸಬಲದಿಂದ ನಾನು ರಟ್ಟೆ ಹಿಡಿದೆಳೆದೆ.

"ಎಳೀಬೇಡಿ ತಾಯಿ, ಬಿದ್ದುಬಿಡ್ತಾರೆ," ಅಂದರು ಒಳಗಿದ್ದ ಒಬ್ಬರು. ನಿವೃತ್ತ ಬಸ್ ಡ್ರೈವರು, ಒಂಬತ್ತು ವರ್ಷದಿಂದ ಇದೇ ಕಾಯಿಲೆ. "ಅಣ್ಣಾ, ನೆಲದ ಮೇಲೆ ಪಟ್ಟಿ ಅಂಟಿಸಿದೀವಿ ನೋಡಿ. ಮೆಟ್ಟಿಲು ಅಂದ್ಕೊಂಡು ಒಂದೊಂದೇ ದಾಟಿ. ಎಲ್ಲರಿಗೂ ಅಲ್ಲದಿದ್ರೂ ಸುಮಾರು ಜನಕ್ಕೆ ಆಗುತ್ತೆ."

ಇವರು ಪಟ್ಟಿ ದಾಟಿದರು, ಇನ್ನೊಂದು ದಾಟಿದರು, ಒಳಗೆ ಬಂದುಬಿಟ್ಟರು. ತಿರುಗಿ ಆ ಗೆರೆಗಳನ್ನು ಬಹಳ ಹೊತ್ತು ನೋಡಿದರು.

ಅಲ್ಲಿ ಯಾರೂ ಅಳುತ್ತಿರಲಿಲ್ಲ. ಡ್ರೈವರಿಗೆ ಡಿಪೋದಲ್ಲಿ ಕುಡಿದಿದ್ದಾನಾ ಅಂತ ಮೂರು ಸಲ ಯಂತ್ರಕ್ಕೆ ಊದಿಸಿದ್ದರಂತೆ. ಒಬ್ಬ ಟೀಚರಮ್ಮನಿಗೆ ನಗು ಬಾರದ್ದಕ್ಕೆ ಸೊಕ್ಕಿನವಳು ಅಂದಿದ್ದರಂತೆ. ನನಗೆ ಬೈಗುಳ ಸಿಕ್ಕಿದ್ದು ಡ್ರೈವರ ಹೆಂಡತಿಯಿಂದ. ಚೆನ್ನಾಗಿರೋ ದಿನ ಮಾತ್ರೆ ಕೊಡಲ್ಲ ಅಂತ ಬಾಯಿಬಿಟ್ಟೆ. "ಚೆನ್ನಾಗಿರೋದೇ ಮಾತ್ರೆಯಿಂದ ಕಣಮ್ಮ," ಅಂದರು. "ಗಡಿಯಾರ ನೋಡಿ ಕೊಡು. ಬದಲಾಯಿಸೋದು, ನಿಲ್ಲಿಸೋದು ಡಾಕ್ಟರು ಹೇಳಿದ್ರೆ ಮಾತ್ರ."

ಕೊನೆಯಲ್ಲಿ ದನಿ ಬಲವಾಗಲು ಅಭ್ಯಾಸ. ಒಬ್ಬೊಬ್ಬರೂ ತಮಗೆ ಬೇಕಾದ ಒಂದು ಮಾತನ್ನು ಹೊಟ್ಟೆಯಿಂದ ಗಟ್ಟಿಯಾಗಿ ಹೇಳಬೇಕು. ಇವರ ಸರದಿ ಬಂತು.

"ನಾನು ಕುಡಿದಿಲ್ಲ."

ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಲಿಲ್ಲ. ಇನ್ನೊಮ್ಮೆ ಅಂದರು ಡ್ರೈವರು. ನಾಲ್ಕನೇ ಸಲಕ್ಕೆ ಗ್ರಂಥಾಲಯದಲ್ಲಿ ಓದುತ್ತಿದ್ದವರು ಎದ್ದು ಬಂದು ಇಣುಕಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಆರು ಭಾನುವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ಕುಂಚದ ಡಬ್ಬ ಎತ್ತಿಕೊಂಡರು. ನಾನೂ ಜೊತೆಗೆ ಹೊರಟೆ. ಅಂಗಡಿಯ ಹೊಸ್ತಿಲಲ್ಲಿ ಕಾಲು ನಿಂತಿತು. ಒಳಗೆ ಇಬ್ಬರು ಗಿರಾಕಿಗಳು. ಮೈದುನ ಓಡಿ ಬಂದು ಕೈ ಹಿಡಿದೆಳೆಯಲು ಹೋದ. ನಾನು ಅವನ ಕೈ ತಳ್ಳಿಹಾಕಿದೆ.

"ನಾನು ಕುಡಿದಿಲ್ಲ," ಅಂದರು ಇವರು. ಗಿರಾಕಿಗಳಿಬ್ಬರೂ ತಿರುಗಿ ನೋಡಿದರು. "ದಾರ ತಗೊಂಡು ಬಾ."

ಮೈದುನ ದಾರ ತಂದ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ನೆಲದ ಮೇಲೆ ಹೊಸ್ತಿಲಿಂದ ಮೇಜಿನವರೆಗೆ ಹೆಜ್ಜೆಗೊಂದರಂತೆ ಗೆರೆ ಮೀಟಿದೆವು. ಬೋರ್ಡಣ್ಣ ಗೆರೆ ದಾಟುತ್ತಾ ಒಳಗೆ ಹೋದರು.

"ಈಗ ಬೋರ್ಡಿಗೂ ಹೊಡಿ," ಅಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ. ಮೇಲೊಂದು, ಕೆಳಗೊಂದು ಗೆರೆ. ಮೊದಲಿನ ವೇಗ ಇರಲಿಲ್ಲ, ಸಂಜೆಯವರೆಗೂ ಬರೆದರು. ಕೊನೆಯ ಅಕ್ಷರ ಮೊದಲ ಅಕ್ಷರದಷ್ಟೇ ಇತ್ತು.

ಮೈದುನ ತಪ್ಪಾಯಿತು ಅಂತ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಆದರೆ ದಿನಾ ಬೆಳಿಗ್ಗೆ ಅಂಗಡಿ ಗುಡಿಸಿದ ಮೇಲೆ ನೆಲದ ಗೆರೆ ಅವನೇ ಹೊಸದಾಗಿ ಹೊಡೆಯುತ್ತಾನೆ. ಭಾನುವಾರ ಅಣ್ಣನನ್ನು ಕರೆದುಕೊಂಡು ಹೋಗುವವನೂ ಅವನೇ. ನನ್ನ ಸಿಟ್ಟು ಮಾತ್ರ ಹಾಗೇ ಇದೆ.

ಆ ದಿನ ಬರೆದ ಬೋರ್ಡ್ ಈಗ ಗ್ರಂಥಾಲಯದ ಹಿಂದಿನ ಬಾಗಿಲಲ್ಲಿದೆ: "ಪಾರ್ಕಿನ್ಸನ್ ಗೆಳೆಯರ ಬಳಗ. ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಿಧಾನವಾಗಿ ಬನ್ನಿ, ಕಾಯುತ್ತೇವೆ."

ಓದುತ್ತಿರುವ ನಿಮಗೂ ಒಂದು ಮಾತು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾರದಾದರೂ ಅಕ್ಷರ ಚಿಕ್ಕದಾಗುತ್ತಿದೆಯೇ? ಹೆಜ್ಜೆ ಎಳೆಯುತ್ತಿದೆಯೇ? ದನಿ ತಗ್ಗಿದೆಯೇ, ಮುಖದಲ್ಲಿ ನಗು ಕಾಣುತ್ತಿಲ್ಲವೇ? ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಹತ್ತಿರದಲ್ಲಿ ಇಂಥ ಬಳಗ ಇದೆಯೇ ಅಂತ ಕೇಳಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ನೀವೇ ಶುರು ಮಾಡಿ, ಒಂದು ಕೋಣೆ ಸಾಕು. ನಾನು ಮಾಡಿದ ಹಾಗೆ ಮಾತ್ರ ಮಾಡಬೇಡಿ. ಅವರ ಬಾಯಿ ಮೂಸಬೇಡಿ.