ಅನುಮಾನವಿದ್ದರೆ ಹೊರಗೆ

ವೇಣುಗೋಪಾಲನನ್ನು ಯಾರೂ ಯಾವತ್ತೂ ನೆಲಕ್ಕೆ ಕೆಡವಿರಲಿಲ್ಲ. ಮೂವತ್ತಾರು ವರ್ಷದಲ್ಲಿ ಅವನ ಮೈಮೇಲೆ ಯಾರೂ ಬಿದ್ದಿರಲಿಲ್ಲ, ಅವನೂ ಯಾರ ಮೇಲೂ ಬಿದ್ದವನಲ್ಲ. ಅಟ್ಟೂರಿನ ಒಂಬತ್ತು ಮಕ್ಕಳಿಗೆ ಅವನು ರಗ್ಬಿ ಕಲಿಸುತ್ತಿದ್ದ.

"ಕೆಳಗೆ ಹಿಡಿ! ಸೊಂಟದ ಕೆಳಗೆ!" ಎಂದು ಸುಣ್ಣದ ಗೆರೆಯಾಚೆ ನಿಂತು ಕೂಗುತ್ತಿದ್ದ. ವಿಡಿಯೋಗಳಲ್ಲಿ ಹಾಗೆ ಕೂಗುತ್ತಾರೆ. ಕೂಗಿದ ಮೇಲೆ ಏನು ಮಾಡಬೇಕೆಂದು ತೋರಿಸುವುದಿಲ್ಲ.

ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳುವ ಅವನು ಕೋಚ್ ಆದದ್ದು ಅಪಾರ್ಟ್‌ಮೆಂಟಿನ ಸಭೆಯೊಂದರಲ್ಲಿ. ಮಕ್ಕಳಿಗೆ ರಗ್ಬಿ ಕಲಿಸಲು ಭಾನುವಾರ ಯಾರು ಫ್ರೀ ಎಂದು ಕಾರ್ಯದರ್ಶಿ ಕೇಳಿದಾಗ ಉಳಿದವರೆಲ್ಲ ತಲೆ ತಗ್ಗಿಸಿ ಮೊಬೈಲ್ ನೋಡಿಕೊಂಡರು. ಅವನಿಗೆ ನೋಡಲು ಯಾರ ಮೆಸೇಜೂ ಇರಲಿಲ್ಲ. ತಲೆ ಎತ್ತಿದವನು ಅವನೊಬ್ಬನೇ.

ಆಮೇಲೆ ಎರಡು ದಿನದ ತರಬೇತಿಗೆ ಹೋಗಿ ಸರ್ಟಿಫಿಕೇಟ್ ತಂದ. ಕೋಚ್‌ನ ಕರ್ತವ್ಯಗಳನ್ನು ತಾನೇ ಕನ್ನಡಕ್ಕೆ ತಂದು ಫ್ಲೆಕ್ಸ್ ಮಾಡಿಸಿ ಕಟ್ಟಿದ. 'ಮಕ್ಕಳನ್ನು ಹೀಯಾಳಿಸತಕ್ಕದ್ದಲ್ಲ. ಗೆಲುವೇ ಮುಖ್ಯವೆಂದು ಭಾವಿಸತಕ್ಕದ್ದಲ್ಲ. ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಆಟಗಾರನನ್ನು ಹೊರಗೆ ಕೂರಿಸತಕ್ಕದ್ದು.' ಕೊನೆಯ ಸಾಲು ಅವನಿಗೆ ಬಹಳ ಹಿಡಿಸಿತ್ತು. ಮದುವೆಯ ಮಾತು ಬಂದಾಗ, ಕಾಲೇಜಿನಲ್ಲಿ ಮುಷ್ಕರವಾದಾಗ, ತಂಗಿ ಜಗಳ ತೆಗೆದಾಗ, ಅನುಮಾನ ಬಂದಾಗಲೆಲ್ಲ ಅವನು ಹೊರಗೆ ಕೂತಿದ್ದ. ಜನ ಅದನ್ನು ಹೇಡಿತನ ಎನ್ನುತ್ತಿದ್ದರು. ಅದಕ್ಕೊಂದು ಅಂತರರಾಷ್ಟ್ರೀಯ ನಿಯಮವಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಆಡುವ ಜಾಗ ವೆಂಕಟರಾಮಯ್ಯನವರದು. ಅಟ್ಟೂರಿನ ಹಳಬರು; ಅಕ್ಕಪಕ್ಕದ ಮೂರು ಕಟ್ಟಡಗಳೂ ಅವರವೇ. ವರ್ಷದ ಹಿಂದೆ ಫ್ಲೆಕ್ಸ್ ಓದಿ, "ಪಂಚಾಯ್ತಿ ನೋಟೀಸ್ ಇದ್ದಂಗೈತೆ. ಆಡ್ಕಳಿ ಸಾರ್. ನಮ್ ಮೊಮ್ಮಗ ಅಶ್ವತ್ಥೂನೂ ಆಡ್ಲಿ," ಎಂದಿದ್ದರು. ಕರಾರು ಅಷ್ಟೇ. ಮೈದಾನದ ಅಂಚಿನಲ್ಲಿ ಅವರು ಹಾಕಿಸಿದ್ದ ಕಲ್ಲುಕಂಬಗಳ ರಾಶಿಯೇ ಹೊರಗೆ ಕೂರುವವರ ಬೆಂಚು. ಮೊನ್ನೆ ಸುತ್ತಲೂ ಸಣ್ಣ ಗುಂಡಿಗಳನ್ನು ತೋಡಿಸಿದ್ದರು. ಮೊದಲ ಪಂದ್ಯಕ್ಕೆ ಬಾವುಟ ನೆಡಲು ಇರಬೇಕೆಂದುಕೊಂಡು ವೇಣುಗೋಪಾಲ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ್ದ. "ಇರ್ಲಿ ಬಿಡಿ," ಎಂದಿದ್ದರು ಅವರು.

ಇವತ್ತು ಆ ಮೊದಲ ಪಂದ್ಯ. ಹೆಬ್ಬಾಳದಿಂದ ತಂಡ ಬಂದಿತ್ತು. ಅದರ ಕೋಚ್ ರಯ್ಯಾನನೇ ರೆಫರಿ. ಶಾಮಿಯಾನದಲ್ಲಿ ವೆಂಕಟರಾಮಯ್ಯನವರ ನೆಂಟರಿಷ್ಟರು ಮೊಮ್ಮಗನ ಆಟ ನೋಡಲು ಕೂತಿದ್ದರು. ವೇಣುಗೋಪಾಲನನ್ನು ಯಾರಾದರೂ ದೂರದಿಂದ ಕೂಗಿ ಕರೆಯುವುದು ಈ ಜಾಗದಲ್ಲಿ ಮಾತ್ರ. ಈ ಜಾಗ ಹೋದರೆ ಆ ಕೂಗೂ ಹೋಗುತ್ತಿತ್ತು.

ಅಶ್ವತ್ಥ್ ಚೆಂಡು ಅಪ್ಪಿಕೊಂಡು ಓಡುತ್ತಿದ್ದ. ಅದೇ ಹೊತ್ತಿಗೆ ಪಕ್ಕದ ಯಲಹಂಕದ ವಾಯುಪಡೆಯ ನೆಲೆಯಿಂದ ಎದ್ದ ದೊಡ್ಡ ವಿಮಾನವೊಂದು ತಲೆಯ ಮೇಲೆ ಹಾದುಹೋಯಿತು. ಅಲ್ಲೇ ಹುಟ್ಟಿದವರೂ ಅದನ್ನು ನೋಡದೆ ಬಿಡುವುದಿಲ್ಲ. ಮಕ್ಕಳು ನೋಡಿದರು, ನೆಂಟರು ನೋಡಿದರು, ರೆಫರಿ ನೋಡಿದ, ಕೋಚೂ ನೋಡಿದ. ಟೊಪ್ಪೆಂದು ಸದ್ದಾಯಿತು. ಕತ್ತು ಇಳಿಸಿದಾಗ ಅಶ್ವತ್ಥನೂ ಅವನದೇ ತಂಡದ ಸಂಯುಕ್ತಾಳೂ ನೆಲದ ಮೇಲಿದ್ದರು.

ಅಶ್ವತ್ಥ್ ಎದ್ದು, ಚೆಂಡು ಎತ್ತಿಕೊಂಡು, ತನ್ನದೇ ತಂಡದ ಗೋಲುಕಂಬಗಳತ್ತ, ಉಲ್ಟಾ ದಿಕ್ಕಿಗೆ ಓಡಿದ. ತಲೆಗೆ ಪೆಟ್ಟಾದದ್ದಕ್ಕೆ ಅದು ಸಾಕ್ಷಿಯಾಗುವಂತಿರಲಿಲ್ಲ. ಅವನು ಸದಾ ಆ ಕಡೆಗೇ ಓಡುತ್ತಿದ್ದ.

ವೇಣುಗೋಪಾಲ ಸೀಟಿ ಊದಿ ಒಳಗೆ ನುಗ್ಗಿದ.

"ತಲೆಗೆ ತಾಗಿತಾ?"

"ನೋಡ್ಲಿಲ್ಲ ಗುರು," ಎಂದ ರಯ್ಯಾನ್. "ನೀನ್ ನೋಡಿದ್ಯಾ?"

"ಇಲ್ಲ."

"ಹಂಗಾದ್ರೆ ತಾಗಿಲ್ಲ ಬಿಡು."

ವೇಣುಗೋಪಾಲ ಹುಡುಗನನ್ನು ಕಲ್ಲಿನ ಮೇಲೆ ಕೂರಿಸಿ ಜೇಬಿನಿಂದ ಕಾರ್ಡು ತೆಗೆದ. ತರಬೇತಿಯಲ್ಲಿ ಕೊಟ್ಟದ್ದು, ತಲೆಗೆ ಪೆಟ್ಟಾದವರಿಗೆ ಕೇಳಬೇಕಾದ ಪ್ರಶ್ನೆಗಳು. ಒಂದು ತಪ್ಪಿದರೂ ಹೊರಗೆ.

"ಅಶ್ವತ್ಥ್, ನಾವೀಗ ಎಲ್ಲಿದೀವಿ?"

"ನಮ್ ತೋಟ್ದಲ್ಲಿ."

ಅಲ್ಲಿ ಒಂದು ಗಿಡವೂ ಇರಲಿಲ್ಲ. "ಸರ್ಯಾಗೇ ಏಳವ್ನೆ," ಎನ್ನುತ್ತ ವೆಂಕಟರಾಮಯ್ಯ ಶಾಮಿಯಾನದಿಂದ ಎದ್ದು ಬಂದರು. "ದಾಕ್ಲೆನಾಗೂ ಅಂಗೇ ಐತೆ."

"ತ್ವಾಟ ಎಲ್ಲಿತ್ತು? ರಾಗಿ ಒಲ ಇದು. ಕುಯ್ದೋಳು ನಾನು," ಎಂದರು ಅವರ ಹೆಂಡತಿ ಸೊಣ್ಣಮ್ಮ, ಕೂತಲ್ಲಿಂದಲೇ.

"ಕೊನೇಲಿ ಸ್ಕೋರ್ ಮಾಡಿದ್ದು ಯಾರು?" ವೇಣುಗೋಪಾಲ ಮುಂದಿನ ಪ್ರಶ್ನೆ ಕೇಳಿದ.

ಹುಡುಗ ತಾತನ ಮುಖ ನೋಡಿದ. ತಾತ ರಯ್ಯಾನನ ಮುಖ ನೋಡಿದರು. ರಯ್ಯಾನ್ ಅಂಗೈಯಲ್ಲಿ ಬರೆದುಕೊಂಡಿದ್ದು ಬೆವರಿಗೆ ಅಳಿಸಿಹೋಗಿತ್ತು.

"ಹೋದ ಮ್ಯಾಚಲ್ಲಿ ಗೆದ್ವಾ, ಸೋತ್ವಾ?"

"ಗೆದ್ವಿ ಸಾರ್!"

ಹೋದ ಮ್ಯಾಚು ಎಂಬುದೇ ಇರಲಿಲ್ಲ.

"ತಾತ, ಟಿಫನ್ ಬಂತಾ?"

"ಬಂತು ಕಣೋ. ಇಡ್ಲಿ."

"ಇವನು ಇವತ್ತು ಆಡಲ್ಲ ಸಾರ್," ಎಂದ ವೇಣುಗೋಪಾಲ. ಅವನ ದನಿ ಅವನಿಗೇ ಫ್ಲೆಕ್ಸಿನ ದನಿಯಂತೆ ಕೇಳಿತು. "ಡಾಕ್ಟರಿಗೆ ತೋರಿಸಬೇಕು."

"ತಾತ, ಟಿಫನ್ ಬಂತಾ?"

"ನೋಡಿ, ಮತ್ತೆ ಕೇಳ್ತಿದಾನೆ."

"ಉಟ್ಟಿದಾಗಿಂದ ಕೇಳ್ತಾನೇ ಅವ್ನೆ," ಎಂದರು ತಾತ. ಶಾಮಿಯಾನ ನಕ್ಕಿತು. ವೆಂಕಟರಾಮಯ್ಯ ನಗಲಿಲ್ಲ. "ಅಲ್ಲಾ ಸಾರ್, ನಮ್ ಉಡ್ಗನ್ಗೆ ಮಾತ್ರ ಪರೀಕ್ಷೆ ಯಾಕೆ? ಮಿಕ್ಕೋರ್ಗೂ ಕೇಳಿ. ಅವ್ರೆಲ್ಲ ಪಾಸಾದ್ರೆ ಇವ್ನು ಕೂತ್ಕಳ್ಳಿ."

ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲವೆಂದು ವಾರದ ಹಿಂದೆ ತರಗತಿಯಲ್ಲಿ ವೇಣುಗೋಪಾಲನೇ ಹೇಳಿದ್ದ.

ಸಂಯುಕ್ತಾಳನ್ನು ಕರೆದ. ಅವಳು ಮಂಡಿ ಉಜ್ಜಿಕೊಳ್ಳುತ್ತ ಬಂದಳು.

"ನಾವೀಗ ಎಲ್ಲಿದೀವಿ?"

"ಗೊತ್ತಿಲ್ಲ ಸಾರ್. ಅಪ್ಪ ಲೊಕೇಶನ್ ಹಾಕ್ಕೊಂಡು ಡ್ರಾಪ್ ಮಾಡ್ತಾರೆ."

ಅವಳೂ ಹೊರಗೆ ಕೂತಳು. ಆಮೇಲೆ ಬಂದ ಮಣಿಕಂಠ "ಗ್ರೌಂಡು" ಎಂದ. ಯಾವ ಗ್ರೌಂಡು ಎಂದರೆ "ರಗ್ಬಿ ಗ್ರೌಂಡು" ಎಂದ. ಯಾರು ಸ್ಕೋರ್ ಮಾಡಿದ್ದು ಎಂದರೆ "ವಿಮಾನ ಬಂತಲ್ಲ ಸಾರ್, ನೋಡ್ಲಿಲ್ಲ" ಎಂದ. ಇನ್ನೊಬ್ಬ ಹೆಬ್ಬಾಳ ಎಂದ. ಒಬ್ಬಳು ಅಳತೊಡಗಿದಳು. ಹೋದ ಮ್ಯಾಚನ್ನು ಎಲ್ಲರೂ ಗೆದ್ದಿದ್ದರು. ಕಲ್ಲುರಾಶಿಯ ಮೇಲೆ ಜಾಗ ಸಾಲದೆ ಮಕ್ಕಳು ಒತ್ತೊತ್ತಾಗಿ ಕೂತರು. ಮೈದಾನದಲ್ಲಿ ಹೆಬ್ಬಾಳದ ತಂಡ ಎದುರಾಳಿಯಿಲ್ಲದೆ ನಿಂತು ಹಲ್ಲು ಕಿರಿಯುತ್ತಿತ್ತು.

"ವಾಕ್‌ಓವರ್ ಕೊಡ್ಲಾ ಗುರು?" ರಯ್ಯಾನ್ ಕೇಳಿದ. "ಅಥವಾ ನಮ್ ಹುಡುಗ್ರಿಗೂ ಕೇಳ್ತೀಯಾ?"

ಸಂಯುಕ್ತಾ ವೇಣುಗೋಪಾಲನ ಕೈಯಿಂದ ಕಾರ್ಡು ತೆಗೆದುಕೊಂಡಳು. "ಸಾರ್, ನಿಮ್ಗೆ ಯಾರೂ ಕೇಳೇ ಇಲ್ಲ. ನಾವೀಗ ಎಲ್ಲಿದೀವಿ?"

ತೋಟ, ರಾಗಿ ಹೊಲ, ಗ್ರೌಂಡು, ಲೊಕೇಶನ್. ವೇಣುಗೋಪಾಲ ಬಾಯಿ ತೆರೆದ. ಯಾವುದನ್ನು ಹೇಳಿದರೂ ತಾನು ಅಲ್ಲಿದ್ದೇನೆಂದು ಅವನಿಗೆ ಅನಿಸಲಿಲ್ಲ.

"ಅನುಮಾನ ಇದ್ರೆ ಹೊರಗೆ ಸಾರ್," ಎಂದಳು ಅವಳು. ಮಕ್ಕಳು ಸರಿದು ಜಾಗ ಕೊಟ್ಟರು. ಅವನು ಕೂತ.

"ತಾತ, ಟಿಫನ್ ಬಂತಾ?" ಎಂದ ಅಶ್ವತ್ಥ್. ಬಗ್ಗಿ ತಾತನ ಚಪ್ಪಲಿಯ ಮೇಲೆ ವಾಂತಿ ಮಾಡಿಕೊಂಡ.

ವೆಂಕಟರಾಮಯ್ಯ ಮೊಮ್ಮಗನನ್ನು ಎತ್ತಿಕೊಂಡರು. ಹನ್ನೆರಡು ವರ್ಷದ ಹುಡುಗ, ತೂಕದವನು. ಕಾರಿನವರೆಗೂ ಹೊತ್ತೇ ನಡೆದರು. ವೇಣುಗೋಪಾಲ ಹಿಂದೆಯೇ ಓಡಿದ. "ಸಾರ್, ಆಸ್ಪತ್ರೆಗಾ?"

ಅವರು ಹುಡುಗನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ವೇಣುಗೋಪಾಲ ಹೇಳಿದ್ದು ನಿಜವಾದದ್ದನ್ನು ಅವರು ಯಾವ ಕಾಲಕ್ಕೂ ಕ್ಷಮಿಸುವಂತೆ ಕಾಣಲಿಲ್ಲ. ಕಾರಿನ ಕಿಟಕಿ ಇಳಿಸಿ, ಶಾಮಿಯಾನ ಕಟ್ಟಿದ್ದ ಆಳಿಗೆ ಹೇಳಿದರು: "ನರಸಯ್ಯ, ಮುಂದಿನ್ ವಾರ ಅಂದ್ಕಂಡಿದ್ದೆ. ಇವತ್ತೇ ನೆಟ್ಬುಡು."

ಕಾರು ಹೋಯಿತು. ಸೊಣ್ಣಮ್ಮ ಇಡ್ಲಿಯ ಡಬ್ಬಿಗಳನ್ನು ಆಟೋಗೆ ಹಾಕಿಸಿದರು. ತಂದೆತಾಯಿಗಳು ಬಂದು, ಲೊಕೇಶನ್ ನೋಡಿಕೊಂಡು, ತಮ್ಮ ತಮ್ಮ ಮಕ್ಕಳನ್ನು ಕರೆದೊಯ್ದರು. ಸಂಯುಕ್ತಾ ಕಾರ್ಡು ಹಿಂತಿರುಗಿಸಲು ಮರೆತಳು. ರಯ್ಯಾನ್ ವೇಣುಗೋಪಾಲನ ಭುಜ ತಟ್ಟಲು ಕೈ ಎತ್ತಿದವನು ಏಕೋ ಬೈಕಿನ ಕೀಲಿ ಹುಡುಕಿಕೊಂಡ.

ವೇಣುಗೋಪಾಲ ಮತ್ತೆ ಕಲ್ಲಿನ ಮೇಲೆ ಕೂತು ಗುಂಡಿಗಳನ್ನು ನೋಡಿದ. ಅವು ಬಾವುಟಕ್ಕೆ ತುಸು ಆಳವಾಗಿಯೇ ಇದ್ದವು.

"ಸಾರ್, ವಸಿ ಎದ್ದೇಳಿ," ಎಂದ ನರಸಯ್ಯ. "ಆ ಕಲ್ಲು ಬೇಕು."

ಅವನು ಎದ್ದು ಪಕ್ಕದ ಕಲ್ಲಿನ ಮೇಲೆ ಕೂತ. ಅದನ್ನೂ ಕೇಳಿದ. ಹೀಗೆ ಬೆಂಚು ಸವೆಯುತ್ತ ಬೇಲಿ ಬೆಳೆಯಿತು. ಕೊನೆಯ ಕಲ್ಲು ಹೋದಾಗ ಅವನು ನಿಂತೇ ಇದ್ದ. ಮೈದಾನದ ನಡುವೆ ಚೆಂಡು ಮೊಟ್ಟೆಯಂತೆ ಬಿದ್ದಿತ್ತು.

ನರಸಯ್ಯ ಮುಳ್ಳುತಂತಿಯ ಸುರುಳಿ ಬಿಚ್ಚಿ ನೆಲಕ್ಕೆ ಹಾಸುತ್ತ ಬಂದು, ಅವನನ್ನೂ ಕಂಬಗಳ ಸಾಲನ್ನೂ ನೋಡಿದ.

"ನೀವು ಒಳಗಡೆನಾ ಸಾರ್, ವರಗಡೆನಾ?"

ವೇಣುಗೋಪಾಲ ಅಭ್ಯಾಸಬಲದಿಂದ ಕಾರ್ಡಿಗೆಂದು ಜೇಬು ಮುಟ್ಟಿಕೊಂಡ. ಆಮೇಲೆ, ಯಾರೂ ತಳ್ಳದೆ, ಕಾಲೆತ್ತಿ ತಂತಿ ದಾಟಿ ಹೊರಗೆ ಬಂದ.

ಅವತ್ತು ಹೋದದ್ದು ಇಷ್ಟು: ಪಂದ್ಯ ಒಂದು, ಮೈದಾನ ಒಂದು, ಚೆಂಡು ಒಂದು, ಮಕ್ಕಳು ಒಂಬತ್ತು.