ಕಾರಿನ ಬಾಗಿಲು

ಇಚಲಕರಂಜಿಯಿಂದ ಅಂಗಡಿಗೆ ಸೀರೆ ತುಂಬಿಕೊಂಡು ಬಂದ ದಿನ, ಬಟ್ಟೆ ವ್ಯಾಪಾರಿ ಸಿದ್ಧಲಿಂಗ ಗಡಹಿಂಗ್ಲಜದ ಪೇಟೆಯಲ್ಲಿ ಅವಿನಾಶನ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಹೆಂಡತಿ ಋತುಜಾ ಪಕ್ಕದಲ್ಲಿದ್ದಳು. ಅವನ ಫೋನಿನ ಮಾತು ಇನ್ನೂ ಮುಗಿದಿರಲಿಲ್ಲ. ಮಾತಾಡುತ್ತಲೇ ಬಾಗಿಲು ತಳ್ಳಿದ. ಹಿಂದಿನಿಂದ ನಿಧಾನಕ್ಕೆ ಬರುತ್ತಿದ್ದ ಮೋಟರ್‌ಸೈಕಲ್ ಬಾಗಿಲಿನ ಅಂಚಿಗೆ ಬಡಿದು ಅಡ್ಡಬಿತ್ತು.

ಬಿದ್ದವನು ನೂಲ ಎಂಬ ಊರಿನ ಕಡೆಯ ಕುರಿಗಾರ ಸತ್ಯಪ್ಪ, ಅರವತ್ತು ದಾಟಿದವನು. ಅವನ ಹೆಲ್ಮೆಟ್ಟಿನ ಒಂದು ಮಗ್ಗುಲು ಡಾಂಬರಿಗೆ ಉಜ್ಜಿ ಬಣ್ಣ ಕಿತ್ತುಹೋಗಿತ್ತು. ತಲೆಗೆ ಏನೂ ಆಗಿರಲಿಲ್ಲ. ಆದರೆ ಎಡಗೈ ಮೊಣಕೈಯ ಕೆಳಗೆ, ನೋಡಲಾರದ ಹಾಗೆ ಸೊಟ್ಟಗಾಗಿತ್ತು.

"ಕಣ್ಣ ಕಾಣಂಗಿಲ್ಲೇನ ನಿನಗ?" ಎಂದ ಸಿದ್ಧಲಿಂಗ.

ಅದು ಹೆದರಿಕೆಗೆ ಬಂದ ಮಾತು. ಆದರೆ ಬಾಯಿಂದ ಹೊರಬಿದ್ದ ಮೇಲೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಜನ ಕೂಡಿದರು. ಅವರೆಲ್ಲ ಅವನ ಪರಿಚಯದವರೇ. ಅವಿನಾಶ ಅಂಗಡಿಯಿಂದಿಳಿದು ಬಂದು, ಈ ವಯಸ್ಸಿನವರ ಕೈಗೆ ಗಾಡಿ ಕೊಡಬಾರದು, ಹೆಲ್ಮೆಟ್ ಹಾಕಿಕೊಂಡರೆ ಇವರಿಗೆ ಅಕ್ಕಪಕ್ಕ ಕಾಣುವುದೇ ಇಲ್ಲ ಎಂದು ತೀರ್ಪು ಕೊಟ್ಟ. ಉಳಿದವರು ತಲೆದೂಗಿದರು. ಸಿದ್ಧಲಿಂಗ ಫೋನನ್ನು ಜೇಬಿಗೆ ಸೇರಿಸಿದ.

ಸತ್ಯಪ್ಪ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ಕೂತ. "ತಪ್ಪ ನಂದ ಐತ್ರಿ ಸಾವಕಾರ್ರ. ನನ್ನ ಒಂದೀಟ ದವಾಖಾನಿಗೆ ಮುಟ್ಟಸ್ರಿ" ಎಂದ.

ಕಾರಿನ ಹಿಂದಿನ ಸೀಟಿನ ಮೇಲೆ ಹೊಸ ಸೀರೆಗಳ ಗಂಟುಗಳಿದ್ದವು. ಸತ್ಯಪ್ಪನ ಮೊಣಕಾಲಿನಿಂದ ಧೋತರಕ್ಕೆ ರಕ್ತ ಇಳಿದಿತ್ತು. ಸಿದ್ಧಲಿಂಗ ಎರಡನ್ನೂ ನೋಡಿದ. ನಂತರ ಒಂದು ರಿಕ್ಷಾ ಕರೆದು ಅವನನ್ನು ಹತ್ತಿಸಿ ಕಳಿಸಿದ.

ಮನೆಯಲ್ಲಿ ಊಟಕ್ಕೆ ಬಡಿಸುವಾಗ ಋತುಜಾ ಒಂದೇ ಮಾತು ಕೇಳಿದಳು: "ಬಾಗಲಾ ತಗಿಯೂ ಮುಂದ ಕನ್ನಡ್ಯಾಗ ನೋಡಿದ್ರೇನ್ರಿ?"

ನೋಡಿದೆ ಎಂದ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದ.

ಮುಂದೆ ಪೇಟೆಯಲ್ಲಿ ಆ ಸುದ್ದಿ ಬೆಳೆಯತೊಡಗಿತು. ಅವಿನಾಶ ಅದನ್ನು ಗಿರಾಕಿಗಳಿಗೆ ಹೇಳುತ್ತ ಹೇಳುತ್ತ, ಮುದುಕ ಕುಡಿದಿದ್ದ ಎನ್ನುವವರೆಗೂ ತಂದ. ಅದನ್ನು ಸಿದ್ಧಲಿಂಗನ ಎದುರಿಗೇ ಹೇಳಿದ, ಇವನಿಗೆ ಹಿತವಾಗಲಿ ಎಂದು. ಸಿದ್ಧಲಿಂಗನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮರುದಿನ ಸತ್ಯಪ್ಪನ ಊರು ಕೇಳಿಕೊಂಡು ಹೊರಟ.

ಬಾಗಿಲಲ್ಲಿ ಸತ್ಯಪ್ಪನ ಹೆಂಡತಿ ಗಂಗುಬಾಯಿ ಬರಮಾಡಿಕೊಂಡಳು. ರಿಕ್ಷಾ ಮಾಡಿಕೊಟ್ಟ ಸಾವಕಾರರು ಇವರೇ ಎಂದು ತಿಳಿದಾಗ ಕೈಮುಗಿದು ಕಂಬಳಿ ಹಾಸಿದಳು, ಚಹಾ ಕೊಟ್ಟಳು. ಸತ್ಯಪ್ಪ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಎದುರಿಗೆ ಕೂತ.

"ಅವತ್ತ ನಾ ನೋಡದ ಬಾಗಲಾ ತಗದೆ. ತಪ್ಪ ನಂದು" ಎಂದ ಸಿದ್ಧಲಿಂಗ.

"ಗೊತ್ತೈತ್ರಿ."

"ಮತ್ತ ಅಷ್ಟ ಮಂದಿ ಮುಂದ ತಪ್ಪ ನಂದು ಅಂತ ಯಾಕ ಅಂದ್ರಿ?" ಸಿದ್ಧಲಿಂಗ ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಕೈ ಭಾಳ ನೋಯಾಕತ್ತಿತ್ರಿ. ಅಲ್ಲಿ ಕಾರ ಇದ್ದಾವ್ರು ನೀವೊಬ್ಬರ. ಜಗಳಾ ತಗದ್ರ ಬಿಟ್ಟ ಹೋಗ್ತೀರಿ, ತಪ್ಪ ಒಪ್ಪಿಕೊಂಡ್ರ ಕರಕೊಂಡ ಹೋಗ್ತೀರಿ ಅಂತ ತಿಳದೆ."

ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಸಿದ್ಧಲಿಂಗ ಚಹಾದ ಕಪ್ಪು ಕೆಳಗಿಟ್ಟ. ಗುಂಡಿ ಬಿದ್ದ ರಸ್ತೆಯಲ್ಲಿ, ಮುರಿದ ಕೈ ಹಿಡಿದುಕೊಂಡು ರಿಕ್ಷಾದಲ್ಲಿ ಕುಲುಕುತ್ತ ಹೋದವನನ್ನು ಮೊದಲ ಸಲ ಕಣ್ಣಮುಂದೆ ತಂದುಕೊಂಡ. ಔಷಧಿಯ ಖರ್ಚೆಲ್ಲ ತನ್ನದೇ ಎಂದು ತಡವರಿಸಿದ.

ಸತ್ಯಪ್ಪ ಆ ಮಾತನ್ನು ಪಕ್ಕಕ್ಕೆ ಸರಿಸಿದ. ಪೇಟೆಯ ಸುದ್ದಿ ಊರಿಗೂ ಬಂದಿತ್ತು. ಅಪ್ಪನ ಕಣ್ಣು ಮಂದವಾಗಿದೆ, ಮೇಲೆ ಕುಡಿದು ಗಾಡಿ ಹೊಡೆಯುತ್ತಾನೆ ಎಂದು ಮಗ ಕೇದಾರಿ ಗಾಡಿಯ ಕೀಲಿ ಕಸಿದಿಟ್ಟುಕೊಂಡಿದ್ದ. ಅಪ್ಪನ ಜೊತೆ ಮಾತನ್ನೂ ಬಿಟ್ಟಿದ್ದ.

"ನನಗ ಬ್ಯಾರೆ ಏನೂ ಬ್ಯಾಡ್ರಿ. ನನ್ನ ಮಗಗ ನೀವ ಹೇಳ್ರಿ" ಎಂದ ಸತ್ಯಪ್ಪ.

ಕೇದಾರಿ ಕುರಿ ಹೊಡೆದುಕೊಂಡು ಬರುವುದು ಹೊತ್ತು ಮುಳುಗುವಾಗ. ಸಿದ್ಧಲಿಂಗ ಅಲ್ಲಿಯವರೆಗೂ ಅದೇ ಕಂಬಳಿಯ ಮೇಲೆ ಕೂತಿದ್ದ. ಗಂಗುಬಾಯಿ ಆಮೇಲೆ ಅವನ ಕಡೆ ನೋಡಲಿಲ್ಲ. ಕುರಿಗಳು ಹಟ್ಟಿ ಸೇರಿದ ಮೇಲೆ ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದ.

ಕೇದಾರಿ ಕೇಳಿಸಿಕೊಂಡು ಅಪ್ಪನ ಕಡೆ ತಿರುಗಿದ. "ನೀ ಕುಡದಿಲ್ಲಂದ್ರೂ ನಾ ನಂಬಲಿಲ್ಲಲ್ಲೋ ಅಪ್ಪಾ" ಎಂದ. ಆಮೇಲೆ ಸಿದ್ಧಲಿಂಗನಿಗೆ, "ನಮ್ಮ ಮನ್ಯಾಗ ಹೇಳಿದ್ರಿ, ಛಲೋ ಆತು. ಪ್ಯಾಟ್ಯಾಗೂ ಹೇಳ್ರಿ. ನಮ್ಮಪ್ಪ ಆ ಹಾದೀಲೇ ಅಡ್ಡಾಡಬೇಕಲ್ಲ" ಎಂದ.

ಮರುದಿನ ಸಿದ್ಧಲಿಂಗ ಅವಿನಾಶನ ಅಂಗಡಿಗೆ ಹೋದ. ನಾಲ್ಕಾರು ಜನ ಇದ್ದರು. ಮುದುಕ ಕುಡಿದಿರಲಿಲ್ಲ, ತಾನೇ ಹಿಂದೆ ನೋಡದೆ ಬಾಗಿಲು ತೆಗೆದೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಿನಾಶ ನಕ್ಕು "ಜಾಊ ದ್ಯಾ ಶೇಠ", ಹೋಗಲಿ ಬಿಡಿ, ಎಂದು ಬೆನ್ನು ತಟ್ಟಿದ. ಈ ಕಾಲದಲ್ಲಿ ಹೀಗೆ ಒಪ್ಪಿಕೊಳ್ಳುವವರು ಯಾರಿದ್ದಾರೆ, ಮನಸ್ಸು ದೊಡ್ಡದು ಎಂದು ಇನ್ನೊಬ್ಬ ಹೊಗಳಿದ. ಚಹಾ ಹೇಳಿಕಳಿಸಿದರು.

"ದೊಡ್ಡ ಮನಸಲ್ಲ" ಎಂದ ಸಿದ್ಧಲಿಂಗ. "ಕೈ ಮುರದಾಂವ ದವಾಖಾನಿಗೆ ಒಯ್ಯಿ ಅಂತ ಬೇಡಿಕೊಂಡ. ಸೀರಿಗೆ ರಕ್ತ ಹತ್ತೀತು ಅಂತ ನಾ ಕಾರಿನ್ಯಾಗ ಕೂಡಿಸಿಕೊಳ್ಳಲಿಲ್ಲ."

ಅವಿನಾಶ ಔಷಧಿ ಡಬ್ಬಿಗಳನ್ನು ಸರಿಸಿಡತೊಡಗಿದ. ಸಿದ್ಧಲಿಂಗ ಮನೆಗೆ ಹೋಗಿ ಅದೇ ಮಾತನ್ನು ಋತುಜಾಳಿಗೂ ಹೇಳಿದ, ಕನ್ನಡಿಯಲ್ಲಿ ನೋಡಿರಲಿಲ್ಲ ಎನ್ನುವುದನ್ನೂ ಸೇರಿಸಿ.

ಪ್ಲಾಸ್ಟರ್ ಬಿಚ್ಚಿ ಕೈ ಕೂಡಿದ ಮೇಲೆ ಸತ್ಯಪ್ಪ ಮತ್ತೆ ಗಾಡಿಯ ಮೇಲೆ ಸಂತೆಗೆ ಬರತೊಡಗಿದ. ನಿಂತ ಕಾರುಗಳಿಂದ ಒಂದು ಮಾರು ದೂರ ಬಿಟ್ಟು ಹೋಗುತ್ತಾನೆ. ಅವನು ಬಟ್ಟೆ ಅಂಗಡಿಯ ಮುಂದೆ ಹಾದಾಗ ಸಿದ್ಧಲಿಂಗ ಗಾದಿ ಬಿಟ್ಟು ಎದ್ದು ನಿಲ್ಲುತ್ತಾನೆ, ಕೈಮುಗಿಯುತ್ತಾನೆ. ಸತ್ಯಪ್ಪನ ಮುಖವನ್ನು ನೇರ ನೋಡುವುದು ಮಾತ್ರ ಅವನಿಂದ ಇನ್ನೂ ಆಗಿಲ್ಲ.