ಲವಿನಾಳ ಕೈಯಲ್ಲಿ ಐದು ಕಿಲೋ ಕುಚ್ಚಲಕ್ಕಿ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂದು ನನಗೆ ತಿಳಿಯುತ್ತಿಲ್ಲ, ಏಕೆಂದರೆ ನಾಯಕಿ ಇನ್ನೂ ಹಾಸಿಗೆಯಿಂದ ಎದ್ದಿಲ್ಲ. ಬೋಳಾರದ ನನ್ನ ಅಜ್ಜಿ ವಾರಿಜಾಕ್ಷಿಗೆ ಈ ತಾಪತ್ರಯ ಇರಲಿಲ್ಲ. ಅವರ ಕಥೆಯ ರಾಜಕುಮಾರ ಏಳು ಸಮುದ್ರ ದಾಟುತ್ತಿದ್ದ. ಒಮ್ಮೆಯೂ ಸೊಂಟ ಹಿಡಿದುಕೊಂಡು "ಸ್ವಲ್ಪ ಕೂರ್ತೇನೆ" ಎಂದವನಲ್ಲ. ನನ್ನ ಲವಿನಾಗೆ ಉರ್ವದ ಮನೆಯ ಬಚ್ಚಲೇ ಎಂಟನೆಯ ಸಮುದ್ರ.

(ಈ ವಾಕ್ಯ ಬರೆದು ನನ್ನನ್ನು ನಾನೇ ಮೆಚ್ಚಿಕೊಂಡೆ. ನಾಯಕಿ ಮೆಚ್ಚಲಿಲ್ಲ.)

"ರಂಜಿನಿ, ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ? ಬಚ್ಚಲಿಗೆ ಹೋಗುವುದನ್ನೂ ಬರೀತಿಯಾ?"

೨
ಹಿಂದಿನ ಕಥೆ ಬೇಕಾದವರಿಗೆ: ಲವಿನಾ ಸ್ಕೂಟರಿನಿಂದ ಬಿದ್ದಳು. ಬೆನ್ನಿಗೆ ಆಪರೇಷನ್ ಆಯಿತು. ನೋವಿಗೆಂದು ಬಂದ ಮಾತ್ರೆ ನೋವು ಹೋದ ಮೇಲೂ ಹೊರಡಲಿಲ್ಲ. ಕೆಲವು ನೆಂಟರ ಹಾಗೆ, ರೋಗಿಯನ್ನು ನೋಡಲು ಬಂದು ಮನೆಯ ಯಜಮಾನಿಕೆ ವಹಿಸಿಕೊಂಡಿತು. ಕೊನೆಗೆ ಡಾಕ್ಟರರ ಬಳಿ ಹೋಗಿ, ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿ, ಈಗ ಪೂರ್ತಿ ಬಿಟ್ಟಿದ್ದಾಳೆ. ಚಪ್ಪಾಳೆ! ಆದರೆ ಮಾತ್ರೆ ಹೋಗುವಾಗ ಮೈಯ ಕರೆಂಟನ್ನೂ ಕಿತ್ತುಕೊಂಡು ಹೋಗಿದೆ. "ಶಕ್ತಿ ನಿಧಾನಕ್ಕೆ ಬರ್ತದೆ" ಎಂದರು ಡಾಕ್ಟರು. ನಿಧಾನ ಎಂದರೆ ಎಷ್ಟು? ಅದನ್ನು ಅವರು ಹೇಳಲಿಲ್ಲ. ಕಥೆಗಾರ್ತಿಗೆ ಇದಕ್ಕಿಂತ ಕೆಟ್ಟ ಪ್ಲಾಟ್ ಇಲ್ಲ.

೩
ಆದ್ದರಿಂದ ಅವಳ ಅಣ್ಣ ಮೆಲ್ವಿನ್‌ನನ್ನು ಒಳಗೆ ಕರೆಸುತ್ತೇನೆ. ಅವನಿಗೆ ಮೂರನೆಯ ಮಗು ಹುಟ್ಟಿದೆ. ಮೊದಲೆರಡಕ್ಕೆ ಅಜ್ಜಿಯರೇ ಗಾಡ್‌ಮದರ್ ಆಗಿ ಮುಗಿದದ್ದರಿಂದ ಈ ಸಲ ಸೋದರತ್ತೆಯ ಸರದಿ. ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ತಲೆಗೆ ನೀರು ಹೊಯ್ಯುವಾಗ ಮಗು ಇರಬೇಕಾದದ್ದು ಅವಳ ಕೈಯಲ್ಲಿ.

"ಲವಿ, ಬೇಜಾರು ಮಾಡ್ಬೇಡ. ನಿನ್ನ ಕೈಯಲ್ಲಿ ಲೋಟ ಕೊಟ್ರೆ ಚಾ ಹೊರಗೆ ಬರ್ತದೆ. ಮಗುವನ್ನು ಹೇಗೆ ಕೊಡೋದು? ಡ್ಯಾಫ್ನಿ ರೆಡಿ ಇದ್ದಾಳೆ."

"ನಿನ್ನ ಹೆಂಡತಿಯ ತಂಗಿ ಯಾವಾಗ ರೆಡಿ ಇರ್ಲಿಲ್ಲ?"

"ಮುಂದಿನ ತಿಂಗಳು ಬ್ಯಾಪ್ಟಿಸಮ್. ಅಷ್ಟರೊಳಗೆ ಎತ್ತಿಕೊಂಡು ನಿಲ್ಲಲಿಕ್ಕೆ ಆದ್ರೆ ನೀನು. ಇಲ್ಲದಿದ್ರೆ ಅವಳು."

(ಅವರು ಮಾತಾಡಿದ್ದು ಕೊಂಕಣಿಯಲ್ಲಿ. ನನ್ನ ಕೊಂಕಣಿ ಬಂಗುಡೆ ಮೀನಿನ ರೇಟು ಕೇಳುವಷ್ಟಕ್ಕೆ ಸಾಕು. ತಪ್ಪಿದ್ದರೆ ಹೊಂದಿಸಿಕೊಳ್ಳಿ.)

ಮಾತ್ರೆಗೆಂದು ದುಡ್ಡು ಎತ್ತಿಯಾಳೆಂದು ನೆಂಟರೆಲ್ಲ ಪರ್ಸನ್ನು ಅವಳಿಂದ ದೂರ ಇಡುತ್ತಿದ್ದ ಕಾಲದಲ್ಲಿ, ಒಂದು ಜೀವವನ್ನೇ ಅವಳ ಕೈಗೆ ಕೊಡುತ್ತೇನೆ ಎಂದವನು ಅಣ್ಣ ಒಬ್ಬನೇ. ಈಗ ಅದೂ ಹೋಗುವ ಹಾಗಿತ್ತು.

೪
ನಾಯಕಿ ಎದ್ದಳು. ಅಡುಗೆಮನೆಯಿಂದ ಐದು ಕಿಲೋ ಕುಚ್ಚಲಕ್ಕಿಯ ಚೀಲ ತಂದು ಟವೆಲಿನಲ್ಲಿ ಸುತ್ತಿದಳು. ಬ್ಯಾಪ್ಟಿಸಮ್ ಹೊತ್ತಿಗೆ ಮಗುವಿನ ತೂಕವೂ ಅಷ್ಟೇ ಆದೀತು. ಅಕ್ಕಿಯ ಕುತ್ತಿಗೆ ಇನ್ನೂ ಗಟ್ಟಿಯಾಗಿಲ್ಲವೆಂದು ಅಂಗೈ ಕೊಟ್ಟು ಹಿಡಿದಳು. ದಿನಾ ಬೆಳಿಗ್ಗೆ ಟೆರೇಸಿನ ಮೆಟ್ಟಿಲು. ಮೊದಮೊದಲು ಬುಡದಲ್ಲೇ ಕೂತು ಅತ್ತಳು. ಆಮೇಲೆ ಅರ್ಧದಲ್ಲಿ ಕೂತು ಬೈದಳು. ಒಂದು ದಿನ ಎಲ್ಲೂ ಕೂರದೆ ಟೆರೇಸಿಗೆ ಮುಟ್ಟಿದಳು.

ನಾನು ಬರೆದೆ: ಅವಳ ದೇಹಕ್ಕೆ ವಸಂತ ಬಂತು. (ಮಂಗಳೂರಿಗೇ ಬಾರದ ವಸಂತ.)

ಆಗ ಕೆಳಗಿನಿಂದ ತಾಯಿ ವಿನಿಫ್ರೆಡ್ ಬಾಯಿಯವರ ಸ್ವರ: "ಲವೀ, ಆ ಚೀಲ ತಾ. ಗಂಜಿಗೆ ಅಕ್ಕಿ ಹಾಕ್ಲಿಕ್ಕುಂಟು."

"ಇದ್ರಿಂದಲಾ?"

"ಮತ್ತೆ? ದಿನಾ ಇದ್ರಿಂದಲೇ ಅಲ್ವಾ ತೆಗೆಯೋದು. ನೀನು ತಿಂದದ್ದು ಎಂತ ಅಂದ್ಕೊಂಡಿ?"

ಹಾಗಾದರೆ ಲವಿನಾಗೆ ಶಕ್ತಿ ಬಂದದ್ದಲ್ಲ, ಚೀಲಕ್ಕೆ ಬಡತನ ಬಂದದ್ದು. ವಸಂತವನ್ನು ಅಳಿಸಿದೆ.

೫ (ಹಳೆಯ ೫ ಹರಿದು ಹಾಕಿದ್ದೇನೆ. ಅದರಲ್ಲಿ ಸೂರ್ಯೋದಯವಿತ್ತು.)

"ಒಂದು ಮಾತ್ರೆ ಇದ್ರೆ ನಾನು ಮಗುವನ್ನು ಮಾತ್ರ ಅಲ್ಲ, ಪಾದ್ರಿಯನ್ನೂ ಎತ್ತುತ್ತೇನೆ" ಎಂದಳು ಲವಿನಾ. ನಾನು ನಕ್ಕೆ. ಅವಳು ನಗಲಿಲ್ಲ. ಬಂದರಿನ ಕಡೆ ಒಂದು ಮೆಡಿಕಲ್ ಉಂಟಂತೆ, ಡಾಕ್ಟರ ಚೀಟಿ ಕೇಳುವುದಿಲ್ಲವಂತೆ.

ನಾನು ಗಾಬರಿಯಾಗಿ ಅಜ್ಜಿಯ ಕಥೆಗಳ ಉಗ್ರಾಣಕ್ಕೆ ಕೈ ಹಾಕಿದೆ. "ಬೇಡ ಬೇಡ. ನಿನಗೊಂದು ಮಾಯದ ಹಣ್ಣು ತರ್ತೇನೆ. ತಿಂದರೆ ಆನೆಯ ಬಲ."

"ಒಂದೇ ತಿಂದ್ರೆ ಸಾಕಾ?"

"ಸಾಕು."

"ಮಾತ್ರೆಯೂ ಮೊದಲು ಹಾಗೇ ಹೇಳಿದ್ದು. ನಿನ್ನ ಅಜ್ಜಿಯಲ್ಲಿ ಕೇಳು, ಹಣ್ಣು ತಿಂದ ಮರುದಿನ ಆ ರಾಜಕುಮಾರ ಎಂತ ಮಾಡಿದ ಅಂತ."

ಫೋನ್ ಮಾಡಿದೆ. ಅಜ್ಜಿ ಹೇಳಿದರು: "ಮರುದಿನದ್ದು ನಾನು ಹೇಳ್ಲೇ ಇಲ್ಲ ಮಗಾ. ಅಷ್ಟೊತ್ತಿಗೆ ನಿನಗೆ ನಿದ್ದೆ ಬರ್ತಿತ್ತು."

೬
ಲವಿನಾ ಚಪ್ಪಲಿ ಮೆಟ್ಟಿ ಹೊರಟಳು. ಎಲ್ಲಿಗೆಂದು ನನಗೆ ಹೇಳಲಿಲ್ಲ. ಉರ್ವ ಮಾರ್ಕೆಟಿನಲ್ಲಿ ಹೊಸ ಅಕ್ಕಿ ತೆಗೆದುಕೊಂಡಳು, ಪೂರ್ತಿ ಐದು ಕಿಲೋ. ಬಸ್‌ಸ್ಟಾಪಿನಲ್ಲಿ ಅದನ್ನು ಎದೆಗಾನಿಸಿ ನಿಂತಳು. ಬಂದರಿನ ದಿಕ್ಕಿಗೆ ಹೋಗುವ ಸಿಟಿ ಬಸ್ಸು ಬಂದು ಅವಳೆದುರೇ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕರೆದ: "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್! ಬರ್ಪರಾ ಅಕ್ಕಾ? ಬರ್ತೀರಾ? ಬೇಗ ಬೇಗ!"

ನಾನು ಪೆನ್ನು ಕೆಳಗಿಟ್ಟೆ. ಅವಳು ಕಂಬಿಯನ್ನು ನೋಡಿದಳು, ಚೀಲವನ್ನು ನೋಡಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.

"ಮನೋಬಲ" ಎಂದು ಬರೆಯಲು ಹೊರಟೆ.

"ಎಂತ ಮನೋಬಲ? ಕಂಬಿ ಹಿಡೀಲಿಕ್ಕೆ ಕೈ ಖಾಲಿ ಇರ್ಲಿಲ್ಲ, ಅಷ್ಟೆ. ಸುಮ್ಮನೆ ನನ್ನನ್ನು ಸಂತರ ಸಾಲಿಗೆ ಸೇರಿಸ್ಬೇಡ."

ದಾರಿಯಲ್ಲಿ ಸಿಕ್ಕ ಜಗಲಿಯಲ್ಲೆಲ್ಲ ಕೂತು, ಏದುಸಿರು ಬಿಡುತ್ತ, ಎರಡು ಸಲ ನನಗೆ ಬೈದು, ಮನೆ ಮುಟ್ಟಿದಳು. ತಾಯಿಗೆ ಹೇಳಿದಳು: "ಇದು ಗಂಜಿಗೆ ಅಲ್ಲ."

೭
ಮೆಲ್ವಿನ್ ಬಂದ. "ಈಗ ಸರಿ ಇದ್ದಿ. ಆದ್ರೆ ಅರ್ಧದಲ್ಲಿ ಕೈ ಸೋತ್ರೆ?"

"ಸೋತ್ರೆ ನಿನಗೆ ಹೇಳ್ತೇನೆ. ಮೊದಲು ಹೇಳ್ತಿರ್ಲಿಲ್ಲ, ಅಡಗಿಸ್ತಿದ್ದೆ. ಈಗ ಹೇಳ್ತೇನೆ."

ಅವನು ಚಾ ಕುಡಿಯದೆ ಹೋದ. ಡ್ಯಾಫ್ನಿಗೆ ಫೋನು ಮಾಡಿ, ಲವಿಯೇ ಎತ್ತಿಕೊಳ್ಳುತ್ತಾಳೆ ಎಂದನೆಂದು ಆಮೇಲೆ ಗೊತ್ತಾಯಿತು. ಅವಳು ಬ್ಲೌಸ್ ಹೊಲಿಸಿ ಆಗಿತ್ತಂತೆ, ಪಾಪ.

ಮುಕ್ತಾಯ ಅ: ಕೊನೆಯವರೆಗೂ ಹಿಡಿದಳು. ಇಗರ್ಜಿಯಲ್ಲಿ ಎಲ್ಲರ ಕಣ್ಣು ಒದ್ದೆ. (ಅಜ್ಜಿಗೆ ಇಷ್ಟವಾದೀತು.)

ಮುಕ್ತಾಯ ಆ: ಕೈ ಸೋತಿತು. ಹೊಸ ಬ್ಲೌಸಿನ ಡ್ಯಾಫ್ನಿ ಓಡಿ ಬಂದಳು. (ವಿಮರ್ಶಕರಿಗೆ ಇಷ್ಟವಾದೀತು.)

ಎರಡನ್ನೂ ಹಿಡಿದುಕೊಂಡು ನಾನು ಇಗರ್ಜಿಗೆ ಹೋದೆ. ಪಾದ್ರಿ ಕಪ್ಪೆಚಿಪ್ಪಿನಲ್ಲಿ ನೀರು ತುಂಬಿದ್ದರು. ಲವಿನಾಳ ಬಲ ಮೊಣಕೈ ನಡುಗುತ್ತಿತ್ತು. ಹೇಳ್ತೇನೆ ಎಂದಿದ್ದ ಹಾಗೆಯೇ ಅವಳು ಅಣ್ಣನ ಕಡೆ ನೋಡಿ ಏನೋ ಹೇಳಿದಳು. ಮೆಲ್ವಿನ್ ಒಂದು ಹೆಜ್ಜೆ ಹತ್ತಿರ ಬಂದು ನಿಂತ, ಕೈ ಚಾಚಲಿಲ್ಲ.

ನಾನು ಮೆಲ್ಲಗೆ ಅವಳ ಕಿವಿಯ ಬಳಿ ಹೋದೆ. "ಅ ಇಡ್ಲಾ, ಆ ಇಡ್ಲಾ?"

"ಶ್. ಮಗು ಮಲಗಿದೆ" ಎಂದಳು. "ಅದೆಲ್ಲ ನೀನೇ ಇಟ್ಕೋ. ನನ್ನ ಕೈ ಖಾಲಿ ಇಲ್ಲ."